ಬೀಗದ ಕೈ ಯಾರ ಕೈಲಿದೆ?

1815ರ ಏಪ್ರಿಲ್ 4ರಂದು ಎಡಿನ್‌ಬರೋದಲ್ಲಿ ಮ್ಯಾಗ್ಡಲೀನ್ ಹಾಲ್ ಎಂಬ ಇಪ್ಪತ್ತೆರಡರ ಹುಡುಗಿಯ ಮದುವೆಯಾಯಿತು. ಗಂಡ ಸರ್ ವಿಲಿಯಂ ಡಿ ಲಾನ್ಸಿ, ಬ್ರಿಟಿಷ್ ಸೇನೆಯ ಕರ್ನಲ್. ಆ ಹೊತ್ತಿಗಾಗಲೇ ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಪ್ಯಾರಿಸ್ ಸೇರಿಯಾಗಿತ್ತು. ಮೈ ಅರಿಸಿನ ಆರುವ ಮುಂಚೆ ಎನ್ನುತ್ತೇವಲ್ಲ, ಹಾಗೆ ಕೆಲವೇ ವಾರಗಳಲ್ಲಿ ಡಿ ಲಾನ್ಸಿಗೆ ಬ್ರಸೆಲ್ಸ್‌ನಿಂದ ಕರೆ ಬಂತು. ಜೂನ್ 8ರಂದು ಮ್ಯಾಗ್ಡಲೀನ್ ಕೂಡ ಅಲ್ಲಿಗೆ ಹೋಗಿ ಸೇರಿಕೊಂಡಳು. ಒಂದು ವಾರ ಇಬ್ಬರೂ ಒಟ್ಟಿಗಿದ್ದರು. 18ರಂದು ವಾಟರ್ಲೂ ಕದನದಲ್ಲಿ, ಸೇನಾಪತಿ ವೆಲಿಂಗ್ಟನ್ ಜೊತೆ ಮಾತಾಡುತ್ತಿದ್ದಾಗಲೇ, ಫಿರಂಗಿಯ ಗುಂಡೊಂದು ನೆಲಕ್ಕೆ ತಾಗಿ ಪುಟಿದು ಬಂದು ಡಿ ಲಾನ್ಸಿಯ ಬೆನ್ನಿಗೆ ಬಡಿಯಿತು.

ಮ್ಯಾಗ್ಡಲೀನ್ ಆಗ ಆಂಟ್‌ವರ್ಪ್‌ನಲ್ಲಿದ್ದಳು. ಕ್ಷೇಮವಾಗಿರಲೆಂದು ಗಂಡನೇ ಕಳಿಸಿದ್ದ. ಮೊದಲು ಬಂದ ಸುದ್ದಿ: ಅವನಿಗೇನೂ ಆಗಿಲ್ಲ. ಆಮೇಲೆ ಬಂದದ್ದು: ತೀರಿಕೊಂಡ. ಮತ್ತೆ ಬಂದದ್ದು: ಬದುಕಿದ್ದಾನೆ, ಆದರೆ ಭರವಸೆಯಿಲ್ಲ. ಗಾಡಿ ಕಟ್ಟಿಸಿಕೊಂಡು ಹೊರಟಳು. ರಣಭೂಮಿ ಹತ್ತಿರವಾದಂತೆ ಕೊಳೆತ ಹೆಣಗಳ ವಾಸನೆಗೆ ಕುದುರೆಗಳು ಕಿರುಚಿಕೊಂಡವೆಂದು ಅವಳೇ ಬರೆದಿದ್ದಾಳೆ. ಮೋಂ ಸೇಂಟ್ ಜೀನ್ ಎಂಬ ಹಳ್ಳಿಯ ಗುಡಿಸಲೊಂದರಲ್ಲಿ ಗಂಡ ಮಲಗಿದ್ದ. ಜಿಗಣೆ ಹಚ್ಚುವುದನ್ನೂ ಕಲಿತು ಆರು ದಿನ ಅವನ ಆರೈಕೆ ಮಾಡಿದಳು. 26ರಂದು ಅವನು ಹೋದ. ಮೂರು ತಿಂಗಳು ತುಂಬದ ದಾಂಪತ್ಯ. ಆ ದಿನಗಳ ಕಥೆಯನ್ನು ಅವಳು ತನ್ನ ಅಣ್ಣ ಬೇಸಿಲ್ ಹಾಲ್‌ಗಾಗಿ ಬರೆದಿಟ್ಟಳು. ಆ ಹಸ್ತಪ್ರತಿ ಕೈಯಿಂದ ಕೈಗೆ ಹೋಗಿ ವಾಲ್ಟರ್ ಸ್ಕಾಟ್, ಚಾರ್ಲ್ಸ್ ಡಿಕನ್ಸ್ ಅವರವರೆಗೂ ತಲುಪಿತು.

ಅದೇ ಜೂನ್ ತಿಂಗಳು, ಅದೇ ಬ್ರಸೆಲ್ಸ್, ಆದರೆ ಈ ಸಲ ಕಾದಂಬರಿಯಲ್ಲಿ, ಇನ್ನೊಬ್ಬ ಎಳೆಯ ವಿಧವೆ ಓಡಾಡುತ್ತಾಳೆ. ಹೆಸರು ಲೇಡಿ ಬಾರ್ಬರಾ ಚೈಲ್ಡ್. ಜಾರ್ಜೆಟ್ ಹೇಯರ್ 1937ರಲ್ಲಿ ಬರೆದ ‘ಆನ್ ಇನ್‌ಫೇಮಸ್ ಆರ್ಮಿ’ಯ ನಾಯಕಿ. ಹದಿನೆಂಟಕ್ಕೆ ಮನೆಯವರು ಮುದುಕನೊಬ್ಬನಿಗೆ ಕಟ್ಟಿದ್ದರು, ಅವನು ಸತ್ತ. ಈಗ ಅವಳ ಕಾಲಿನ ಉಗುರುಗಳಿಗೆ ಚಿನ್ನದ ಬಣ್ಣ. ಊರಿನ ಗೌರವಸ್ಥರೆಲ್ಲ ಮೂಗಿನ ಮೇಲೆ ಬೆರಳಿಡುತ್ತಾರೆ, ಊರಿನ ಗಂಡಸರೆಲ್ಲ ಅವಳ ಹಿಂದೆ ಸುತ್ತುತ್ತಾರೆ. ಅವಳು ಒಲಿಯುವುದು ವೆಲಿಂಗ್ಟನ್ನನ ಸಹಾಯಕ ಅಧಿಕಾರಿ ಚಾರ್ಲ್ಸ್ ಆಡ್ಲಿಗೆ. ಯುದ್ಧದಿಂದ ಅವನು ಒಂದು ಕೈ ಕಳೆದುಕೊಂಡು ಬರುತ್ತಾನೆ, ಆದರೆ ಬದುಕಿ ಬರುತ್ತಾನೆ.

ಒಬ್ಬಳು ಬದುಕಿದವಳು, ಇನ್ನೊಬ್ಬಳು ಬರೆಸಿಕೊಂಡವಳು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದಾಗ ನನಗೊಂದು ಪ್ರಶ್ನೆ ಏಳುತ್ತದೆ. ರೀಜೆನ್ಸಿ ರೊಮಾನ್ಸ್ ಎಂಬ ಈ ಪುಸ್ತಕ ಪ್ರಪಂಚದಲ್ಲಿ ಎಳೆಯ ವಿಧವೆಯರು ಇಷ್ಟೊಂದು ಏಕಿದ್ದಾರೆ? ಒಲವಿನ ಕಥೆಗೆ ಹದಿಹರೆಯದ ಹುಡುಗಿ ಸಾಲದೆ?

ಈ ಪುಸ್ತಕಗಳ ಪರಿಚಯ ನನ್ನ ತಲೆಮಾರಿನವರಿಗೆ ಆದದ್ದು ಬಡಾವಣೆಯ ಲೆಂಡಿಂಗ್ ಲೈಬ್ರರಿಗಳಿಂದ. ಕಂದು ಕಾಗದದ ರಟ್ಟು, ಒಳಗೆ ನೇರಳೆ ಮುದ್ರೆ, ದಿನಕ್ಕಿಷ್ಟು ಎಂದು ಬಾಡಿಗೆ. ಮಿಲ್ಸ್ ಅಂಡ್ ಬೂನ್ ಸಾಲಿನ ನಡುವೆ ಹೇಯರ್ ಕಾದಂಬರಿಗಳು ಅಡಗಿರುತ್ತಿದ್ದವು. ‘ಅಯ್ಯೋ, ಅದೇ ಪ್ರೇಮಕಥೆ ಕಣೆ’ ಎಂದು ಮನೆಯಲ್ಲಿ ಅಂದವರೂ ನಾವು ಮಲಗಿದ ಮೇಲೆ ಅದನ್ನೇ ಓದುತ್ತಿದ್ದರು. ಈಗ ಹೊಸ ತಲೆಮಾರು ನೆಟ್‌ಫ್ಲಿಕ್ಸಿನ ‘ಬ್ರಿಜರ್ಟನ್’ ಧಾರಾವಾಹಿಯಿಂದ ಅದೇ ಕಾಲಕ್ಕೆ ಬಂದು ಸೇರಿದೆ.

ರೀಜೆನ್ಸಿ ಎಂದರೆ ರಾಜಪ್ರತಿನಿಧಿಯ ಆಳ್ವಿಕೆ. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ಗೆ ಬುದ್ಧಿ ಕೆಟ್ಟು ರಾಜ್ಯ ನಡೆಸಲಾಗದಂತಾದಾಗ, 1811ರಿಂದ 1820ರವರೆಗೆ ಅವನ ಮಗ ಪ್ರಿನ್ಸ್ ರೀಜೆಂಟ್ ಎಂಬ ಹೆಸರಲ್ಲಿ ಆಳಿದ. ಒಂಬತ್ತೇ ವರ್ಷ. ಆ ಒಂಬತ್ತು ವರ್ಷದಲ್ಲಿ ಜೇನ್ ಆಸ್ಟಿನ್ ತನ್ನ ಕಾದಂಬರಿಗಳನ್ನು ಅಚ್ಚು ಹಾಕಿಸಿದಳು, ವಾಟರ್ಲೂ ಯುದ್ಧ ನಡೆಯಿತು. ಆಸ್ಟಿನ್ ಬರೆದದ್ದು ತನ್ನ ಕಣ್ಣೆದುರಿನ ಕಾಲವನ್ನು. ಅದೇ ಕಾಲವನ್ನು ನೂರು ವರ್ಷದ ಮೇಲೆ ಹೊಸದಾಗಿ ಕಟ್ಟಿ, ಗಾಡಿ, ಗೌನು, ಬಾಲ್‌ರೂಮು, ಬಾಯಿಮಾತಿನ ಕತ್ತಿವರಸೆಗಳೊಡನೆ ಪ್ರೇಮಕಥೆಯ ಪ್ರಕಾರವನ್ನಾಗಿ ನಿಲ್ಲಿಸಿದವಳು ಹೇಯರ್. 1935ರ ‘ರೀಜೆನ್ಸಿ ಬಕ್’ನಿಂದ ಆ ಹಾದಿ ಶುರುವಾಯಿತು. ಆ ಹಾದಿಯಲ್ಲಿ ಈಗ ಸಾವಿರಾರು ಪುಸ್ತಕಗಳಿವೆ. ಅಂದಿನ ಬ್ರಿಟನ್ನಿನಲ್ಲಿ ಇದ್ದ ಡ್ಯೂಕ್‌ಗಳ ಸಂಖ್ಯೆ ಸುಮಾರು ಮೂವತ್ತು; ಕಾದಂಬರಿಗಳಲ್ಲಿ ಮದುವೆಯಾದ ಡ್ಯೂಕ್‌ಗಳನ್ನು ಒಂದೂರಲ್ಲಿ ಇಳಿಸಿದರೆ ತಾಲ್ಲೂಕು ತುಂಬುತ್ತದೆ. ಕೊನೆಗೆ ಸುಖ ಕಟ್ಟಿಟ್ಟ ಬುತ್ತಿ. ಓದುಗರು ದುಡ್ಡು ಕೊಡುವುದೇ ಆ ಭರವಸೆಗೆ.

ವಿಧವೆಯ ವಿಷಯಕ್ಕೆ ಬರೋಣ. ಉತ್ತರ ಸಿಗುವುದು ಹೃದಯದಲ್ಲಲ್ಲ, ಕಾನೂನಿನ ಪುಸ್ತಕದಲ್ಲಿ.

ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ‘ಕವರ್ಚರ್’ ಎಂಬ ತತ್ವವಿತ್ತು. ಹೆಣ್ಣು ಮದುವೆಯಾದೊಡನೆ ಗಂಡನ ಮರೆಗೆ ಸೇರುತ್ತಾಳೆ, ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬರೇ ಎಂದು ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ 1765ರಲ್ಲಿ ವಿವರಿಸಿದ. ಆ ‘ಒಬ್ಬರು’ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಅವಳ ಕೈಲಿದ್ದ ನಗದು, ಒಡವೆ, ಉಟ್ಟ ಬಟ್ಟೆ ಕೂಡ ಅವನದು. ಅವಳ ಹೆಸರಿನ ಜಮೀನಿನ ಗೇಣಿ ಅವನದು. ತನ್ನ ಹೆಸರಲ್ಲಿ ಕರಾರು ಮಾಡುವಂತಿಲ್ಲ, ದಾವೆ ಹೂಡುವಂತಿಲ್ಲ, ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿಲ್ಲ. ಸಿರಿವಂತ ತಂದೆಯರು ವಕೀಲರನ್ನಿಟ್ಟು ಮಗಳ ಆಸ್ತಿಯನ್ನು ಟ್ರಸ್ಟಿನಲ್ಲಿ ಕಾಪಾಡಿಕೊಳ್ಳುತ್ತಿದ್ದರು, ನಿಜ. ಉಳಿದವರ ಪಾಲಿಗೆ ಈ ಗಂಟು ಸಡಿಲವಾಗಲು 1870 ಮತ್ತು 1882ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಗಳು ಬರಬೇಕಾಯಿತು.

ಮದುವೆಯಾಗದ ಹುಡುಗಿಯ ಪಾಡೇನು? ಇಪ್ಪತ್ತೊಂದು ತುಂಬುವವರೆಗೆ ತಂದೆಯ ಒಪ್ಪಿಗೆ ಬೇಕು. 1753ರ ವಿವಾಹ ಕಾಯ್ದೆಯ ಕಟ್ಟು ಅದು. ಅದನ್ನು ತಪ್ಪಿಸಿಕೊಳ್ಳಲೆಂದೇ ಕಾದಂಬರಿಯ ಜೋಡಿಗಳು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೆ ಗಾಡಿ ಓಡಿಸುವುದು. ಇಪ್ಪತ್ತೊಂದು ದಾಟಿದರೂ ಒಂಟಿಯಾಗಿ ಬೀದಿಗಿಳಿಯುವ ಹಾಗಿಲ್ಲ, ಜೊತೆಗೊಬ್ಬ ಹಿರಿಯಳು ಬೇಕು. ಒಬ್ಬ ಗಂಡಸಿನ ಜೊತೆ ತೋಟದಲ್ಲಿ ಹತ್ತು ನಿಮಿಷ ಕಂಡರೆ ಮಾನ ಹೋಯಿತು. ಇನ್ನು ಕೆಟ್ಟ ಗಂಡನಿಂದ ಬಿಡುಗಡೆ? ವಿಚ್ಛೇದನ ಪಡೆದು ಮರುಮದುವೆಯಾಗಬೇಕೆಂದರೆ ಪಾರ್ಲಿಮೆಂಟೇ ಒಂದು ಕಾಯ್ದೆ ಮಾಡಬೇಕಿತ್ತು. ಅದು ಲಕ್ಷಾಧೀಶರಿಗೆ, ಅದರಲ್ಲೂ ಹೆಚ್ಚಾಗಿ ಗಂಡಸರಿಗೆ ದಕ್ಕುತ್ತಿದ್ದ ದಾರಿ.

ಉಳಿದವಳು ವಿಧವೆ. ತಂದೆಯ ಹಿಡಿತದಿಂದ ದಾಟಿದವಳು, ಗಂಡನ ಮರೆಯಿಂದ ಹೊರಬಂದವಳು. ಕಾನೂನು ಅವಳನ್ನು ಮತ್ತೆ ಒಬ್ಬ ವ್ಯಕ್ತಿಯೆಂದು ಗುರುತಿಸುತ್ತದೆ. ಸತ್ತ ಗಂಡನ ಭೂಮಿಯಲ್ಲಿ ಜೀವ ಇರುವವರೆಗೆ ಮೂರನೇ ಒಂದು ಭಾಗದ ಆದಾಯ ಅವಳಿಗೆ ಸಲ್ಲಬೇಕು. ಇದು ಹಳೆಯ ‘ಡವರ್’ ಹಕ್ಕು. ಅನುಕೂಲಸ್ಥರಲ್ಲಿ ಇದರ ಬದಲಿಗೆ ಮದುವೆಯ ಹೊತ್ತಿಗೇ ‘ಜಾಯಿಂಚರ್’ ಗೊತ್ತು ಮಾಡುತ್ತಿದ್ದರು. ಗಂಡ ಸತ್ತರೆ ವರ್ಷಕ್ಕೆ ಇಂತಿಷ್ಟು ಎಂದು. ಹೆಣ್ಣು ತಂದ ಪ್ರತಿ ಸಾವಿರ ಪೌಂಡಿಗೆ ವರ್ಷಕ್ಕೆ ಸುಮಾರು ನೂರು ಪೌಂಡ್ ಎಂಬುದು ರೂಢಿಯ ಲೆಕ್ಕ. ದೊಡ್ಡ ಜಮೀನ್ದಾರಿ ಮನೆಗಳಲ್ಲಿ ವಿಧವೆಗೆಂದೇ ಎಸ್ಟೇಟಿನ ಅಂಚಿನಲ್ಲಿ ‘ಡವರ್ ಹೌಸ್’ ಎಂಬ ಬೇರೆ ಮನೆ. ದೊಡ್ಡ ಮನೆಗೆ ಹೊಸ ಸೊಸೆ, ಸಣ್ಣ ಮನೆಗೆ ಹಳೆಯ ಒಡತಿ. ಸಣ್ಣದಾದರೂ ಬೀಗದ ಕೈ ಅವಳ ಸೊಂಟದಲ್ಲಿ.

ಕಾದಂಬರಿಕಾರ್ತಿಗೆ ಇನ್ನೇನು ಬೇಕು? ಈ ನಾಯಕಿ ಒಂಟಿಯಾಗಿ ಗಾಡಿ ಹತ್ತಬಹುದು, ಬಾಡಿಗೆ ಮನೆ ಹಿಡಿಯಬಹುದು, ಗಂಡಸನ್ನು ಹಜಾರದಲ್ಲಿ ಕೂರಿಸಿ ಚಹಾ ಕೊಟ್ಟು ಮಾತಾಡಬಹುದು. ಮದುವೆಯ ಕೋಣೆಯ ಗುಟ್ಟು ಅವಳಿಗೆ ಗೊತ್ತು, ಹಾಗಾಗಿ ಲೇಖಕಿ ಕದ ಸ್ವಲ್ಪ ತೆರೆದರೂ ಓದುಗರು ಗಾಬರಿಯಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅವಳು ‘ಒಲ್ಲೆ’ ಎನ್ನಬಹುದು. ಒಲ್ಲೆ ಎನ್ನಲು ಬರುವವಳು ‘ಹೂಂ’ ಎಂದಾಗ ಮಾತ್ರ ಅದಕ್ಕೆ ಬೆಲೆ. ಮದುವೆಯಾಗದಿದ್ದರೆ ಉಪವಾಸ ಬೀಳುವ ಹುಡುಗಿಯ ಹೂಂಕಾರದಲ್ಲಿ ಒಲವೆಷ್ಟು, ಊಟವೆಷ್ಟು ಎಂದು ಹೇಗೆ ಬಿಡಿಸುವುದು?

ಆದರೆ ಆ ‘ಹೂಂ’ಗೆ ತೆರಬೇಕಾದ ಬೆಲೆಯೂ ಇತ್ತು, ಕಥೆಯ ಬಿಗಿ ಇರುವುದು ಅಲ್ಲೇ. ಮರುಮದುವೆಯಾದರೆ ಮತ್ತೆ ಕವರ್ಚರ್. ‘ನನ್ನ ವಿಧವೆಯಾಗಿ ಇರುವಷ್ಟು ಕಾಲ’ ಎಂಬ ಷರತ್ತು ಹಾಕಿ ಆದಾಯ ಬರೆದಿಟ್ಟ ಗಂಡಂದಿರಿದ್ದರು. ಹೊಸ ಉಂಗುರ ಬೆರಳಿಗೇರಿದ ದಿನ ಆ ಹಣ ನಿಲ್ಲುತ್ತಿತ್ತು. ಮಕ್ಕಳ ವಿಷಯ ಇನ್ನೂ ಕಠಿಣ. ತಂದೆ ತನ್ನ ಉಯಿಲಿನಲ್ಲಿ ಮಕ್ಕಳಿಗೆ ಬೇರೊಬ್ಬ ಪೋಷಕನನ್ನು ನೇಮಿಸಿ ಹೋಗಬಹುದಿತ್ತು. ಹೆತ್ತ ತಾಯಿ ಪಕ್ಕದಲ್ಲಿ ನಿಂತು ನೋಡಬೇಕು. ತಾಯಿಯೂ ಪೋಷಕಿ ಎಂದು ಕಾನೂನು ಒಪ್ಪಲು 1886 ಬಂತು. ಹಾಗಾಗಿ ಈ ಕಥೆಗಳಲ್ಲಿ ‘ಅವಳಿಗೆ ಮತ್ತೆ ಒಲವು ಸಿಗುತ್ತದೆಯೇ’ ಎಂಬುದು ಮೇಲುಮಾತಿನ ಪ್ರಶ್ನೆ. ಒಳಗಿನ ಪ್ರಶ್ನೆ: ಕೈಗೆ ಬಂದ ಬೀಗದ ಕೈಯನ್ನು ಇನ್ನೊಬ್ಬನ ಕೈಗೆ ಕೊಡುವಷ್ಟು ಅವನನ್ನು ನಂಬಬಹುದೇ?

ಆಸ್ಟಿನ್ ಇದನ್ನು ಪೈಸೆ ಪೈಸೆ ಲೆಕ್ಕದಲ್ಲಿ ಬಲ್ಲವಳು. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಎರಡನೇ ಅಧ್ಯಾಯ ತೆಗೆದು ನೋಡಿ. ಡ್ಯಾಶ್‌ವುಡ್ ಮನೆಯ ಯಜಮಾನ ಸತ್ತಿದ್ದಾನೆ. ಆಸ್ತಿ ಮೊದಲ ಹೆಂಡತಿಯ ಮಗ ಜಾನ್‌ಗೆ ಹೋಗಿದೆ. ಮಲತಾಯಿಯನ್ನೂ ಮೂವರು ತಂಗಿಯರನ್ನೂ ನೋಡಿಕೊಳ್ಳುತ್ತೇನೆಂದು ಸಾಯುವ ತಂದೆಗೆ ಅವನು ಮಾತು ಕೊಟ್ಟಿದ್ದಾನೆ. ಮೂರು ಸಾವಿರ ಪೌಂಡ್ ಕೊಡೋಣವೆಂದು ಅವನ ಮನಸ್ಸು. ಹೆಂಡತಿ ಫ್ಯಾನಿ ನಯವಾಗಿ ಮಾತು ತೆಗೆಯುತ್ತಾಳೆ. ಮೂರು ಸಾವಿರ ಅರ್ಧವಾಗುತ್ತದೆ. ಅರ್ಧ ಹೋಗಿ ವರ್ಷಕ್ಕೆ ನೂರು ಪೌಂಡಾಗುತ್ತದೆ. ವರ್ಷಾಶನ ಕೊಡಲು ಒಪ್ಪಿಕೊಂಡರೆ ಜನ ಸಾಯುವುದೇ ಇಲ್ಲ ಎಂದು ಅವಳು ಹೆದರಿಸಿದ ಮೇಲೆ ಆಗೀಗ ಐವತ್ತು ಪೌಂಡ್ ಎಂದಾಗುತ್ತದೆ. ಕೊನೆಗೆ ಉಳಿಯುವುದು ಮನೆ ಖಾಲಿ ಮಾಡುವಾಗ ಸಾಮಾನು ಸಾಗಿಸಲು ಒಂದು ಕೈ, ಕಾಲಕಾಲಕ್ಕೆ ಒಂದಿಷ್ಟು ಮೀನು, ಬೇಟೆಯ ಮಾಂಸ. ಒಂದೇ ಸಂಭಾಷಣೆಯಲ್ಲಿ ವಿಧವೆಯೊಬ್ಬಳ ಬಾಳು ಹೀಗೆ ಕರಗುತ್ತದೆ. ಎಲ್ಲೂ ದನಿ ಏರುವುದಿಲ್ಲ.

ಅದೇ ಪುಸ್ತಕದಲ್ಲಿ ಮಿಸೆಸ್ ಜೆನ್ನಿಂಗ್ಸ್ ಇದ್ದಾಳೆ. ಇವಳೂ ವಿಧವೆಯೇ. ಆದರೆ ಕೈತುಂಬ ಜಾಯಿಂಚರ್, ಲಂಡನ್ನಿನಲ್ಲಿ ಸ್ವಂತ ಮನೆ. ಇಬ್ಬರು ಹೆಣ್ಣುಮಕ್ಕಳನ್ನು ದಾಟಿಸಿಯಾಗಿದೆ, ಇನ್ನು ಊರವರ ಮಕ್ಕಳಿಗೆಲ್ಲ ಗಂಟು ಹಾಕುವುದೇ ಕೆಲಸ. ಗಟ್ಟಿ ನಗು, ಗಟ್ಟಿ ಊಟ. ಮತ್ತೆ ಮದುವೆಯ ಮಾತು ಅವಳ ಸುತ್ತ ಸುಳಿಯುವುದೇ ಇಲ್ಲ, ಅವಳಿಗೆ ಬೇಕಾಗಿಯೂ ಇಲ್ಲ. ಇನ್ನೊಂದು ತುದಿಯಲ್ಲಿ ‘ಪರ್ಸುವೇಷನ್’ನ ಮಿಸೆಸ್ ಸ್ಮಿತ್. ವಾತರೋಗದಿಂದ ಕಾಲು ಬಿದ್ದಿದೆ. ಬಾತ್ ಪಟ್ಟಣದಲ್ಲಿ ಒಂದು ಗದ್ದಲದ ಕೋಣೆ, ಹಿಂದೆ ಒಂದು ಕತ್ತಲ ಕೋಣೆ. ಗಂಡನ ಉಯಿಲು ನಡೆಸಬೇಕಾದ ಸ್ನೇಹಿತ ಕೈ ಎತ್ತಿದ್ದಾನೆ, ವೆಸ್ಟ್ ಇಂಡೀಸಿನ ಆಸ್ತಿ ಸಿಕ್ಕಿಬಿದ್ದಿದೆ. ಅವಳಿಗೆ ಆಸ್ಟಿನ್ ಹೊಸ ಗಂಡನನ್ನು ಹುಡುಕಿಕೊಡುವುದಿಲ್ಲ. ಆಸ್ತಿಯನ್ನು ಬಿಡಿಸಿಕೊಡುತ್ತಾಳೆ. ವಿಧವೆಗೆ ಸುಖಾಂತ ಎಂದರೇನೆಂಬುದಕ್ಕೆ ಅದೂ ಒಂದು ಉತ್ತರ.

ಆಸ್ಟಿನ್‌ಗೆ ಇದು ಬರೀ ಕೇಳಿದ ಕಥೆಯಲ್ಲ, ಮನೆಯೊಳಗಿನ ಸಂಗತಿ. ಅವಳ ಸೋದರತ್ತೆ ಫಿಲಡೆಲ್ಫಿಯಾ ಕೈಲಿ ಕಾಸಿಲ್ಲದ ಹುಡುಗಿ. 1752ರಲ್ಲಿ ಹಡಗು ಹತ್ತಿ ವರಾನ್ವೇಷಣೆಗೆಂದೇ ಇಂಡಿಯಾಕ್ಕೆ ಬಂದವಳು. ಕಡಲೂರಿನಲ್ಲಿ ಕಂಪನಿಯ ವೈದ್ಯ ಹ್ಯಾಂಕಾಕ್‌ನನ್ನು ಮದುವೆಯಾದಳು. 1761ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಮಗಳು ಎಲಿಜಾ. ವಾರನ್ ಹೇಸ್ಟಿಂಗ್ಸ್ ಅವಳ ಧರ್ಮಪಿತ. ಎಲಿಜಾ ಬೆಳೆದು ಫ್ರೆಂಚ್ ಸೇನಾಧಿಕಾರಿಯನ್ನು ವರಿಸಿದಳು. ಫ್ರೆಂಚ್ ಕ್ರಾಂತಿಯಲ್ಲಿ, 1794ರ ಫೆಬ್ರವರಿಯಲ್ಲಿ, ಅವನ ತಲೆ ಗಿಲೊಟಿನ್ನಿಗೆ ಹೋಯಿತು. ಕಾಯಿಲೆಯ ಮಗನನ್ನು ಕಟ್ಟಿಕೊಂಡ ವಿಧವೆಯ ಹಿಂದೆ ಆಸ್ಟಿನ್‌ಳ ಅಣ್ಣಂದಿರಿಬ್ಬರು ಬಿದ್ದರು. ಎಲಿಜಾ ತಕ್ಷಣ ಒಪ್ಪಲಿಲ್ಲ. ತನ್ನ ಸ್ವಾತಂತ್ರ್ಯ ತನಗೆ ಎಷ್ಟು ಪ್ರಿಯವೆಂದು ಕಾಗದಗಳಲ್ಲಿ ನಗೆಯಾಡುತ್ತ ಬರೆದುಕೊಂಡಳು. ಕೊನೆಗೆ 1797ರ ಡಿಸೆಂಬರ್ 31ರಂದು ಹೆನ್ರಿ ಆಸ್ಟಿನ್‌ನ ಕೈ ಹಿಡಿದಳು. ಅವಳಿಗೆ ಮೂವತ್ತಾರು, ಅವನಿಗೆ ಇಪ್ಪತ್ತಾರು. ಮುಂದೆ ಜೇನ್‌ಳ ಪುಸ್ತಕಗಳನ್ನು ಲಂಡನ್ನಿನ ಪ್ರಕಾಶಕರ ಬಳಿ ಹೊತ್ತು ತಿರುಗಿದವನು ಇದೇ ಹೆನ್ರಿ.

ಇನ್ನು ಕಪ್ಪು ಬಟ್ಟೆಯ ವಿಷಯ. ಗಂಡ ಸತ್ತರೆ ಸುಮಾರು ಒಂದು ವರ್ಷದ ಶೋಕಾಚರಣೆ. ಮೊದಲು ಹೊಳಪಿಲ್ಲದ ಕಪ್ಪು, ‘ಬಾಂಬಜೀನ್’ ಎಂಬ ರೇಷ್ಮೆ-ಉಣ್ಣೆ ನೇಯ್ಗೆ, ಮೇಲೆ ಕ್ರೇಪ್. ಕುಣಿತ, ಔತಣ ಇಲ್ಲ. ತಿಂಗಳುಗಳು ಕಳೆದಂತೆ ಬೂದು, ತಿಳಿ ನೇರಳೆಗಳಿಗೆ ಅನುಮತಿ. ಇದಕ್ಕೆ ‘ಅರೆ ಶೋಕ’ ಎಂದೇ ಹೆಸರು. ಕಾದಂಬರಿಗಳಲ್ಲಿ ನಾಯಕಿ ಮೊದಲ ಸಲ ನೇರಳೆ ಗೌನು ತೊಟ್ಟು ಮೆಟ್ಟಿಲಿಳಿಯುವ ದೃಶ್ಯ ಬಂದರೆ, ಕೆಳಗೆ ಯಾರೋ ಒಬ್ಬ ತಲೆ ಎತ್ತಿ ನೋಡಲಿದ್ದಾನೆಂದೇ ಲೆಕ್ಕ.

ಹೇಯರ್‌ಳ ‘ಬಾತ್ ಟ್ಯಾಂಗಲ್’ ಶುರುವಾಗುವುದೇ ಇಂಥ ಕಪ್ಪಿನಲ್ಲಿ. ಹಿರಿಯ ವಯಸ್ಸಿನ ಅರ್ಲ್ ಸತ್ತಿದ್ದಾನೆ. ಅವನ ಎರಡನೇ ಹೆಂಡತಿ ಫ್ಯಾನಿ ಮಲಮಗಳು ಸೆರೀನಾಳಿಗಿಂತ ಚಿಕ್ಕವಳು. ಇಬ್ಬರೂ ಕಪ್ಪುಟ್ಟು ಬಾತ್‌ಗೆ ಹೋಗುತ್ತಾರೆ. ಅಲ್ಲಿ ಸೆರೀನಾಳ ಹಳೆಯ ಪ್ರೇಮಿ ಮೇಜರ್ ಸಿಗುತ್ತಾನೆ, ಮದುವೆಯೂ ಗೊತ್ತಾಗುತ್ತದೆ. ಆದರೆ ಮೇಜರನ ಮನಸ್ಸು ಮೆಲ್ಲಗೆ ವಾಲುವುದು ಬಾಯಿ ಬಾರದ ಈ ಪುಟ್ಟ ಮಲತಾಯಿಯತ್ತ. ‘ದಿ ರಿಲಕ್ಟೆಂಟ್ ವಿಡೋ’ನಲ್ಲಂತೂ (1946) ಮಕ್ಕಳಿಗೆ ಪಾಠ ಹೇಳಲು ಹೊರಟ ಎಲಿನಾರ್ ತಪ್ಪು ಗಾಡಿ ಹತ್ತಿ, ಸಾಯುವ ಹೊತ್ತಿನ ಗಂಡಸೊಬ್ಬನನ್ನು ಮದುವೆಯಾಗಿ, ಬೆಳಗಾಗುವಷ್ಟರಲ್ಲಿ ವಿಧವೆಯಾಗಿರುತ್ತಾಳೆ.

ಇಲ್ಲಿಯೇ ಈ ಪ್ರಕಾರದ ಒಂದು ಜಾಣತನವನ್ನು, ಜಾಣತನ ಎನ್ನುವುದಕ್ಕಿಂತ ಜಾರಿಕೆಯನ್ನು, ಗುರುತಿಸಬೇಕು. ಎಷ್ಟೋ ಕಾದಂಬರಿಗಳಲ್ಲಿ ಮೊದಲ ಗಂಡ ಕಥೆಗೆ ಅನುಕೂಲವಾದ ಹೆಣ. ಒಂದೋ ಅವನು ತಾತನ ವಯಸ್ಸಿನವನು, ಇಲ್ಲವೇ ಕುಡುಕ, ಇಲ್ಲವೇ ಕ್ರೂರಿ. ಮೇರಿ ಬ್ಯಾಲೋ ಬರೆದ ‘ಎ ಸೀಕ್ರೆಟ್ ಅಫೇರ್’ನ ಹ್ಯಾನಾ ಮುದಿ ಡ್ಯೂಕನ ಜೊತೆ ಹತ್ತು ವರ್ಷ ಬಾಳಿದವಳು, ಆದರೂ ಕನ್ಯೆ! ನಾಯಕಿಗೆ ವಿಧವೆಯ ಸ್ವಾತಂತ್ರ್ಯವೂ ಬೇಕು, ಹೊಸ ಹುಡುಗಿಯ ಮುಗ್ಧತೆಯೂ ಬೇಕು ಎಂದರೆ ಹೀಗಾಗುತ್ತದೆ. ಮೊದಲವನನ್ನು ಪ್ರೀತಿಸಿಯೂ ಎರಡನೆಯವನನ್ನು ಪ್ರೀತಿಸಬಹುದು ಎಂದು ಒಪ್ಪಲು ಲೇಖಕಿಗೇ ಧೈರ್ಯ ಸಾಲದು.

ಧೈರ್ಯ ತೋರಿದವರೂ ಇದ್ದಾರೆ. ಅದೇ ಬ್ಯಾಲೋ 2014ರ ‘ದಿ ಎಸ್ಕೇಪ್’ನಲ್ಲಿ ಸಮಾಂತಾಳನ್ನು ತರುತ್ತಾಳೆ. ಯುದ್ಧದಿಂದ ಗಾಯಗೊಂಡು ಬಂದ ಗಂಡನ ಸೇವೆಯನ್ನು ಐದು ವರ್ಷ ಮಾಡಿದವಳು. ಅವನು ಸತ್ತ ಮೇಲೆ ನಾದಿನಿ ಮನೆಯ ಪರದೆ ಎಳೆದು, ಕಪ್ಪು ಹೊದಿಸಿ, ಬಿಸಿಲಿಗೂ ಬಿಡದೆ ಕೂರಿಸುತ್ತಾಳೆ. ಆ ಮನೆಯಿಂದ ಓಡಿ ವೇಲ್ಸ್‌ನ ಕಡಲಂಚಿನಲ್ಲಿ ತನ್ನ ಪಾಲಿಗೆ ಬಂದ ಮನೆಯನ್ನು ಸೇರುವುದೇ ಅರ್ಧ ಕಾದಂಬರಿ. ಲೊರೆಟ್ಟಾ ಚೇಸ್‌ಳ ‘ಮಿಸ್ಟರ್ ಇಂಪಾಸಿಬಲ್’ನ ಡ್ಯಾಫ್ನಿ ಈಜಿಪ್ಟಿನ ಚಿತ್ರಲಿಪಿಯ ವಿದ್ವಾಂಸೆ. ಹೆಣ್ಣಿಗೇಕೆ ಓದು ಎಂದವನು ಸತ್ತ ಗಂಡ. ಆಮೇಲೂ ಅವಳ ವಿದ್ವತ್ತು ಹೊರಬೀಳುವುದು ಒಡಹುಟ್ಟಿದವನ ಹೆಸರಲ್ಲಿ. ಹೊಸಬ ಅವಳ ಬುದ್ಧಿಗೇ ಮರುಳಾಗುತ್ತಾನೆ. ಸಿಸಿಲಿಯಾ ಗ್ರಾಂಟ್‌ಳ ‘ಎ ಲೇಡಿ ಅವೇಕನ್ಡ್’ ಇನ್ನೂ ತೀಕ್ಷ್ಣ. ಗಂಡು ಸಂತಾನವಿಲ್ಲದೆ ಗಂಡ ಸತ್ತರೆ ಎಸ್ಟೇಟು ಮೈದುನನ ಪಾಲು. ಮೈದುನನೋ ಮನೆಗೆಲಸದ ಹುಡುಗಿಯರ ಮೇಲೆ ಕೈ ಹಾಕುವವನು. ಅವನನ್ನು ತಡೆಯಲು ವಿಧವೆ ಮಾರ್ಥಾ ಪಕ್ಕದ ಎಸ್ಟೇಟಿನವನಿಗೆ ಹಣ ಕೊಟ್ಟು ಗರ್ಭ ಧರಿಸಲು ಹೊರಡುತ್ತಾಳೆ. ಪಿತ್ರಾರ್ಜಿತ ಆಸ್ತಿಯ ಕಾನೂನೇ ಇಲ್ಲಿ ಖಳನಾಯಕ, ಪ್ರೀತಿ ಹುಟ್ಟುವುದು ಆಮೇಲೆ.

ನನ್ನ ಮೆಚ್ಚಿನದು ಜೂಲಿಯಾ ಕ್ವಿನ್‌ಳ ‘ವೆನ್ ಹಿ ವಾಸ್ ವಿಕೆಡ್’ (2004). ಬ್ರಿಜರ್ಟನ್ ಮನೆಯ ಫ್ರಾನ್ಸೆಸ್ಕಾ ಗಂಡ ಜಾನ್‌ನನ್ನು ನಿಜವಾಗಿ ಪ್ರೀತಿಸಿದವಳು. ಅವನು ಹಠಾತ್ತಾಗಿ ಸಾಯುತ್ತಾನೆ. ಅವನ ಪದವಿ, ಮನೆ ಎಲ್ಲ ದಾಯಾದಿ ಮೈಕೇಲ್‌ಗೆ ಬರುತ್ತದೆ. ಮೈಕೇಲ್ ಮೊದಲಿಂದಲೂ ಅವಳಲ್ಲಿ ಮನಸ್ಸಿಟ್ಟವನು. ಅಣ್ಣನಂತಿದ್ದವನ ಎಲ್ಲವನ್ನೂ ಪಡೆದ ಮೇಲೆ ಹೆಂಡತಿಯನ್ನೂ ಪಡೆಯುವುದೇ ಎಂಬ ಪಾಪಪ್ರಜ್ಞೆಗೆ ಓಡಿಹೋಗುತ್ತಾನೆ, ಎಲ್ಲಿಗೆ? ಇಂಡಿಯಾಕ್ಕೆ. ನಾಲ್ಕು ವರ್ಷ ಇದ್ದು ಮಲೇರಿಯಾ ಹೊತ್ತುಕೊಂಡು ಹಿಂದಿರುಗುತ್ತಾನೆ. ನಮ್ಮ ಸೊಳ್ಳೆಗಳಿಗೂ ಇಂಗ್ಲಿಷ್ ಪ್ರೇಮಕಥೆಯಲ್ಲಿ ಒಂದು ಪಾತ್ರ! ಮೈಕೇಲ್ ಸತ್ತವನ ಒಡಹುಟ್ಟಿದವನಾಗಿರದೆ ದಾಯಾದಿಯಾಗಿರುವುದೂ ಮುಖ್ಯ. ಅಣ್ಣನ ವಿಧವೆಯನ್ನು ತಮ್ಮ ಮದುವೆಯಾಗಲು ಇಂಗ್ಲೆಂಡಿನ ಕಾನೂನು ಒಪ್ಪಿದ್ದು 1921ರಲ್ಲಿ. ಇಷ್ಟೆಲ್ಲ ಆದರೂ ಆ ಕಾದಂಬರಿಯಲ್ಲಿ ಜಾನ್‌ನನ್ನು ಕೆಟ್ಟವನನ್ನಾಗಿ ಮಾಡಿಲ್ಲ. ಸತ್ತವನ ಜಾಗ ಸತ್ತವನಿಗೇ ಇದೆ.

ಈ ಗೌನುಗಳ ಸರಸರದಲ್ಲಿ ಕೇಳಿಸದೆ ಹೋಗುವ ದನಿಗಳೂ ಇವೆ. ವೆಲಿಂಗ್ಟನ್ನನ ಸೇನೆಯಲ್ಲಿ ನೂರು ಸಿಪಾಯಿಗಳಿಗೆ ಸುಮಾರು ಆರು ಹೆಂಡಿರಿಗೆ ಮಾತ್ರ ಜೊತೆಗೆ ಬರಲು ಅನುಮತಿ. ಗಂಡ ಸತ್ತರೆ ಸೇನೆಯ ಪಡಿ ನಿಲ್ಲುತ್ತದೆ, ಊರು ಸಮುದ್ರದಾಚೆ. ಹಾಗಾಗಿ ಮಣ್ಣು ಮಾಡಿದ ಕೆಲವೇ ದಿನಕ್ಕೆ ಅದೇ ತುಕಡಿಯ ಇನ್ನೊಬ್ಬನ ಕೈ ಹಿಡಿದವರಿದ್ದರು. ಅವರಿಗೆ ಬಾಂಬಜೀನೂ ಇಲ್ಲ, ಅರೆ ಶೋಕವೂ ಇಲ್ಲ. ಅವರನ್ನು ಕುರಿತು ರೊಮಾನ್ಸ್ ಬರೆದವರು ಕಡಿಮೆ. ಮಿಸೆಸ್ ಸ್ಮಿತ್‌ಗೆ ಹಿಂದಿರುಗಿದ ವೆಸ್ಟ್ ಇಂಡೀಸಿನ ಆಸ್ತಿಯಲ್ಲಿ ದುಡಿದವರು ಗುಲಾಮರು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಆದವನು. ಆ ಮುತ್ತಿಗೆಯಲ್ಲಿ ನಮ್ಮ ಕಡೆ ಎಷ್ಟು ಹೆಂಗಸರ ಕರಿಮಣಿ ಹರಿಯಿತೆಂದು ಯಾವ ರೀಜೆನ್ಸಿ ಕಥೆಯೂ ಕೇಳುವುದಿಲ್ಲ.

ಕನ್ನಡದ ಓದುಗರಿಗೆ ಈ ಕಥೆಗಳು ಬೇರೊಂದು ಕಡೆ ತಾಗುತ್ತವೆ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಎಳೆಯ ವಿಧವೆಯೊಬ್ಬಳು ಓದಿ, ಮರುಮದುವೆಯಾಗುವ ಕಥೆ. ನಮ್ಮ ಕಾದಂಬರಿ ಕಣ್ಣು ಬಿಟ್ಟದ್ದೇ ಆ ಸುಖಾಂತದಲ್ಲಿ. ಆಮೇಲೆ ದಾರಿ ಇಕ್ಕಟ್ಟಾಯಿತು. ಭೈರಪ್ಪನವರ ‘ವಂಶವೃಕ್ಷ’ದ ಕಾತ್ಯಾಯನಿ ರಾಜನನ್ನು ಮದುವೆಯಾಗುತ್ತಾಳೆ, ಮಗನನ್ನು ನಂಜನಗೂಡಿನ ಮಾವನ ಮನೆಯಲ್ಲಿ ಬಿಟ್ಟು ಬರಬೇಕಾಗುತ್ತದೆ, ಕೊನೆಗೆ ನವೆದು ಸಾಯುತ್ತಾಳೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನ ಮುಂದೆ ಆಯ್ಕೆಯ ಬಾಗಿಲೇ ಇಲ್ಲ. ಇಂಗ್ಲೆಂಡಿನ ಕಪ್ಪು ಬಟ್ಟೆಗೆ ಮುಗಿಯುವ ತಾರೀಕಿತ್ತು. ನಮ್ಮ ಕೆಲವು ಜಾತಿಗಳ ವಿಧವೆಯರ ಕೆಂಪು ಸೀರೆಗೆ ಇರಲಿಲ್ಲ. ಹಾಗೆಂದು ಎಲ್ಲರ ಕಥೆಯೂ ಅದಲ್ಲ. ಉಡಿಕೆ, ಕೂಡಿಕೆ ಎಂದು ವಿಧವೆಗೆ ಮತ್ತೊಂದು ಸಂಸಾರ ಕಟ್ಟಿಕೊಟ್ಟ ಸಮುದಾಯಗಳು ನಾಡಿನಲ್ಲಿ ಎಷ್ಟೋ ಇದ್ದವು. ಅವರ ಒಲವಿನ ಕಥೆಗಳು ಪುಸ್ತಕಕ್ಕೆ ಬಂದದ್ದು ಕಡಿಮೆ, ಅಷ್ಟೇ.

ಆದ್ದರಿಂದ ಓದುಗರಲ್ಲಿ ಒಂದು ಮಾತು. ಇಂಥ ಪುಸ್ತಕ ಕೈಗೆ ಬಂದಾಗ ‘ಬರೀ ಪ್ರೇಮಕಥೆ’ ಎಂದು ಪಕ್ಕಕ್ಕಿಡಬೇಡಿ, ಬರೀ ಪ್ರೇಮಕಥೆಯೆಂದು ಓದಲೂಬೇಡಿ. ಎರಡು ಪ್ರಶ್ನೆ ಕೇಳಿ. ಬೀಗದ ಕೈ ಯಾರ ಕೈಲಿದೆ? ಹೊಸಬನಿಗೆ ಜಾಗ ಮಾಡಲೆಂದು ಸತ್ತವನ ಹೆಸರಿಗೆ ಮಸಿ ಬಳಿದಿದ್ದಾರೆಯೇ? ಈ ಎರಡಕ್ಕೂ ನೇರ ಉತ್ತರ ಕೊಡುವ ಪುಸ್ತಕ ನೂರಕ್ಕೆ ಹತ್ತು ಇರಬಹುದು. ಆ ಹತ್ತು ಓದಲು ಯೋಗ್ಯ.

ಮ್ಯಾಗ್ಡಲೀನ್ ಏನಾದಳು ಎಂದು ಕೇಳಬಹುದು. ನಾಲ್ಕು ವರ್ಷದ ಮೇಲೆ, 1819ರಲ್ಲಿ, ಮದ್ರಾಸ್ ಸೇನೆಯ ಕ್ಯಾಪ್ಟನ್ ಹೆನ್ರಿ ಹಾರ್ವಿಯನ್ನು ಮದುವೆಯಾದಳು. 1822ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡಳು. ಗುಡಿಸಲಿನ ಆ ಆರು ದಿನಗಳ ಬರಹ ಪುಸ್ತಕವಾದದ್ದು 1906ರಲ್ಲಿ. ರಟ್ಟಿನ ಮೇಲಿರುವ ಹೆಸರು ಲೇಡಿ ಡಿ ಲಾನ್ಸಿ.